ಮಾತಿಗೆ ನೆರವಾಗುವ ಟ್ಯಾಬ್ಲೆಟ್ ಆಪ್‌ಗಳು: ಯಾವ ಮಗುವಿಗೆ ಯಾವುದು?

ಮೊದಲು ಟ್ಯಾಬ್ಲೆಟ್ ಕೊಳ್ಳುತ್ತಾರೆ, ಆಮೇಲೆ ಯಾರೋ ಹೇಳಿದ ಆಪ್ ಹಾಕುತ್ತಾರೆ, ಕೊನೆಗೆ ಮಗುವನ್ನು ಅದಕ್ಕೆ ಹೊಂದಿಸಲು ಹೆಣಗುತ್ತಾರೆ. ಮೂರು ತಿಂಗಳಲ್ಲಿ ಆ ಟ್ಯಾಬ್ಲೆಟ್ ಯೂಟ್ಯೂಬ್ ಪೆಟ್ಟಿಗೆಯಾಗಿರುತ್ತದೆ. ಆಯ್ಕೆ ಇದಕ್ಕೆ ಉಲ್ಟಾ ನಡೆಯಬೇಕು. ಮಗುವಿನ ಬೆರಳು ಎಷ್ಟು ದೊಡ್ಡ ಗುಂಡಿಯನ್ನು ತಪ್ಪದೆ ಒತ್ತುತ್ತದೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ದಿನವಿಡೀ ಪಕ್ಕದಲ್ಲಿ ಇರುವವರು ಯಾರು ಎಂಬ ಮೂರಕ್ಕೆ ಉತ್ತರ ಸಿಕ್ಕರೆ ಆಪ್‌ನ ಹೆಸರು ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಬುದ್ಧಿಮಾಂದ್ಯದಂಥ ಕಾರಣಗಳಿಂದ ಬಾಯಿಮಾತು ಬಾರದ ಅಥವಾ ಸಾಲದ ಮಕ್ಕಳ ಬಗ್ಗೆ. ಚಿತ್ರ ಒತ್ತಿದರೆ ಟ್ಯಾಬ್ಲೆಟ್ ಮಾತಾಡುವ ಈ ಬಗೆಯ ಆಪ್‌ಗಳನ್ನು ಥೆರಪಿಸ್ಟ್‌ಗಳು ಎಎಸಿ ಆಪ್ ಎನ್ನುತ್ತಾರೆ. ಕಿವಿ ಕೇಳದ ವಿದ್ಯಾರ್ಥಿಯ ಅಗತ್ಯ ಬೇರೆ. ಟೀಚರ್ ಆಡಿದ್ದನ್ನು ಅಕ್ಷರವಾಗಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಅಂಥವರಿಗೆ ಉಪಯೋಗ, ಅದರಲ್ಲಿ ಕನ್ನಡವೂ ಇದೆ.

ಆರು ಮಾತಿನ ಪರೀಕ್ಷೆ

ಆಪ್ ಇಳಿಸಿಕೊಂಡ ಕೂಡಲೇ ಅದರ ಬಾಯಲ್ಲಿ ಈ ಆರು ಮಾತು ಕನ್ನಡದಲ್ಲಿ ಹೇಳಿಸಿ ನೋಡಿ:

ನನಗೆ ಬೇಡ.
ಇನ್ನೂ ಸ್ವಲ್ಪ ಹಾಕಿ.
ಹೊಟ್ಟೆ ನೋಯ್ತಿದೆ.
ಅಮ್ಮ ಎಲ್ಲಿ?
ಅವನು ನನ್ನ ಪೆನ್ಸಿಲ್ ತಗೊಂಡ.
ನಾನು ಹೇಳಿದ್ದು ಅದಲ್ಲ.

ಮೊದಲ ನಾಲ್ಕನ್ನು ಹೆಚ್ಚಿನ ಆಪ್‌ಗಳು ಹೇಗೋ ಹೇಳಿಬಿಡುತ್ತವೆ. ಐದನೆಯದರಲ್ಲಿ ಎಡವುತ್ತವೆ. ಇಂಗ್ಲಿಷ್‌ಗಾಗಿ ಕಟ್ಟಿದ ಆಪ್‌ನಲ್ಲಿ ಎಡಕ್ಕೆ ಜನ, ನಡುವೆ ಕ್ರಿಯೆ, ಬಲಕ್ಕೆ ವಸ್ತುಗಳು ಇರುತ್ತವೆ. ಆ ಭಾಷೆಯ ವಾಕ್ಯ ನಡೆಯುವುದೇ ಹಾಗೆ. ಅದೇ ಗುಂಡಿಗಳ ಮೇಲೆ ಕನ್ನಡ ಬರೆದು ಎಡದಿಂದ ಬಲಕ್ಕೆ ಒತ್ತಿದರೆ ‘ನಾನು ಬೇಕು ನೀರು’ ಎಂದು ಕೇಳುತ್ತದೆ. ‘ನಾನು’ ಅಲ್ಲಿ ‘ನನಗೆ’ ಆಗಬೇಕು, ‘ಬೇಕು’ ಕೊನೆಗೆ ಹೋಗಬೇಕು. ಆದ್ದರಿಂದ ಗುಂಡಿಗಳ ಜಾಗ ಬದಲಿಸಲು ಬಿಡುವ ಆಪ್ ಆಗಿದ್ದರೆ ಜನರನ್ನು ಎಡಕ್ಕೆ, ವಸ್ತುಗಳನ್ನು ನಡುವೆ, ಬೇಕು, ಬೇಡ, ಕೊಡು, ಹೋಗೋಣ ಇವನ್ನು ಬಲ ಅಂಚಿಗೆ ಇಡಿ. ಮಗು ಬಳಸಲು ಶುರುಮಾಡುವ ಮೊದಲೇ ಇದು ಮುಗಿಯಬೇಕು. ಬೆರಳಿಗೆ ಒಮ್ಮೆ ಜಾಗ ರೂಢಿಯಾದ ಮೇಲೆ ಗುಂಡಿ ಸರಿಸಿದರೆ ಮಗು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ವಿಭಕ್ತಿಗೆ ಪೂರ್ತಿ ಪರಿಹಾರ ಯಾವ ಆಪ್‌ನಲ್ಲೂ ಇಲ್ಲ. ‘ಗೆ’ ಎಂದು ಬೇರೆ ಗುಂಡಿ ಮಾಡಿದರೆ ‘ಶಾಲೆ... ಗೆ’ ಎಂದು ತುಂಡಾಗಿ ಕೇಳಿಸುತ್ತದೆ. ಶಾಲೆ, ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ ಎಂದು ನಾಲ್ಕು ಗುಂಡಿ ಮಾಡಿದರೆ ಪರದೆ ತುಂಬಿಹೋಗುತ್ತದೆ. ಪ್ರತಿ ಪದವನ್ನು ಅದು ಹೆಚ್ಚು ಬಳಕೆಯಾಗುವ ರೂಪದಲ್ಲೇ ಹಾಕುವುದು ಸದ್ಯಕ್ಕೆ ಲೇಸು: ಜಾಗಗಳು ‘ಮನೆಗೆ’, ‘ಪಾರ್ಕಿಗೆ’ ಎಂದು, ‘ನಾನು, ನನಗೆ, ನನ್ನ’ ಮೂರೂ ಬೇರೆ ಬೇರೆ ಗುಂಡಿಗಳಾಗಿ. ಇನ್ನೊಂದು ವಿಷಯದಲ್ಲಿ ನಮಗೆ ಅನುಕೂಲವೇ ಇದೆ. ‘ನಾನು ಬಂದೆ’ ಎಂದು ಹುಡುಗನೂ ಹುಡುಗಿಯೂ ಒಂದೇ ಥರ ಹೇಳುವುದರಿಂದ ಹಿಂದಿಯಲ್ಲಿ ಬೇಕಾಗುವ ಹಾಗೆ ಎರಡೆರಡು ಕ್ರಿಯಾರೂಪ ಬೇಕಿಲ್ಲ.

ಆದರೆ ‘ಕೊಡು’ ಮತ್ತು ‘ಕೊಡಿ’ ಎರಡೂ ಬೇಕು. ಮಗು ಟೀಚರಿಗೆ ‘ನೀರು ಕೊಡು’ ಎಂದರೆ ಸುತ್ತಲಿನವರು ನಗುತ್ತಾರೆ ಇಲ್ಲವೇ ಗದರುತ್ತಾರೆ. ಆಪ್‌ನ ತಪ್ಪಿಗೆ ಮಗುವಿನ ಮುಖ ಸಪ್ಪೆಯಾಗುತ್ತದೆ. ಶಾಲೆಯ ಪುಟದಲ್ಲಿ ‘ಕೊಡಿ’, ‘ಬನ್ನಿ’, ‘ನೋಡಿ’ ಇಡಿ. ಆಟದ ಪುಟದಲ್ಲಿ ‘ಕೊಡು’, ‘ಬಾರೋ’ ಇರಲಿ.

ಆರನೆಯ ಮಾತು ಇಡೀ ವಾಕ್ಯವಾಗಿ ಒಂದೇ ಗುಂಡಿಯಲ್ಲಿ ಇರಲಿ. ತಪ್ಪು ತಿಳಿದುಕೊಂಡವರನ್ನು ತಿದ್ದಲು ದಾರಿ ಇಲ್ಲದ ಮಗು ಕಿರುಚುತ್ತದೆ, ಟ್ಯಾಬ್ಲೆಟ್ ಎಸೆಯುತ್ತದೆ.

ಆಪ್‌ಗಳು

ಅವಾಜ್. ಚೆನ್ನೈನ ಇನ್ವೆನ್ಷನ್ ಲ್ಯಾಬ್ಸ್ ತಯಾರಿಸಿದ್ದು, ಅಜಿತ್ ನಾರಾಯಣನ್ ಅವರ ಕಲ್ಪನೆ. ಮೊದಲು ಪ್ರತ್ಯೇಕ ಯಂತ್ರವಾಗಿತ್ತು, ಆಮೇಲೆ ಆಪ್ ಆಯಿತು. ಐಪ್ಯಾಡ್, ಆಂಡ್ರಾಯ್ಡ್ ಎರಡಕ್ಕೂ ಇದೆ, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿದೆ. ಒಂದು ಪರದೆಯಲ್ಲಿ ಎಷ್ಟು ಚಿತ್ರ ಬೇಕೋ ಅಷ್ಟು ಇಡಬಹುದು. ಪದ ಹುಡುಕಿದರೆ ಅದು ಯಾವ ಪುಟದೊಳಗೆ ಅಡಗಿದೆ ಎಂದು ದಾರಿ ತೋರಿಸುತ್ತದೆ, ಇದು ಮಗುವಿಗಿಂತ ಅಪ್ಪ ಅಮ್ಮನಿಗೆ ದೊಡ್ಡ ಉಪಕಾರ. ಚಿತ್ರದಿಂದ ಕೀಬೋರ್ಡಿಗೆ ಮೆಲ್ಲಗೆ ದಾಟಬಹುದು. ಕೆಲವು ದಿನ ಉಚಿತವಾಗಿ ಬಳಸಿ ನೋಡಬಹುದು, ಮುಂದೆ ಹಣ ಕೊಡಬೇಕು. ಮಗು ವಾಕ್ಯ ಕಟ್ಟುವತ್ತ ಹೋಗಬಹುದು ಎಂಬ ನಿರೀಕ್ಷೆ ಇದ್ದು ಕೈಯಲ್ಲಿ ಹಣವಿದ್ದರೆ ಕನ್ನಡದ ಮನೆಗೆ ಮೊದಲು ನೋಡಬೇಕಾದದ್ದು ಇದು.

ಜೆಲ್ಲೋ. ಮುಂಬೈ ಐಐಟಿಯ ಐಡಿಸಿ ವಿನ್ಯಾಸ ಶಾಲೆಯಲ್ಲಿ ತಯಾರಾದದ್ದು, ಉಚಿತ. ಇದರ ಹೂರಣವೇ ಬೇರೆ. ನಡುವೆ ಚಿತ್ರಗಳು, ಎರಡು ಪಕ್ಕಗಳಲ್ಲಿ ಇಷ್ಟ, ಹೌದು, ಹೆಚ್ಚು, ಇಷ್ಟವಿಲ್ಲ, ಇಲ್ಲ, ಕಡಿಮೆ ಎಂಬ ಅರ್ಥದ ಆರು ಭಾವದ ಗುಂಡಿಗಳು. ಮಾವಿನ ಹಣ್ಣನ್ನು ಮುಟ್ಟಿ ‘ಇಷ್ಟ’ ಒತ್ತಿದರೆ ಪೂರ್ತಿ ವಾಕ್ಯವೇ ಹೊರಬರುತ್ತದೆ. ವಾಕ್ಯಗಳನ್ನು ಮೊದಲೇ ಬರೆದಿಟ್ಟಿರುವುದರಿಂದ ವ್ಯಾಕರಣ ಕೆಡುವುದಿಲ್ಲ, ಎರಡೇ ಒತ್ತಿಗೆ ಮಾತು ಮುಗಿಯುತ್ತದೆ. ದೌರ್ಬಲ್ಯವೂ ಅಲ್ಲೇ ಇದೆ: ಯಾರೂ ಬರೆದಿಡದ ಮಾತನ್ನು ಮಗು ಚಿತ್ರಗಳಿಂದ ಹುಟ್ಟಿಸಲಾರದು. ಪೆನ್ಸಿಲ್ ಕದ್ದ ಕಥೆ ಇಲ್ಲಿ ಕಷ್ಟ. ಆರಂಭಕ್ಕೆ, ಖರ್ಚಿಲ್ಲದೆ ಪ್ರಯೋಗ ಮಾಡುವುದಕ್ಕೆ, ಆಸ್ಪತ್ರೆಯ ವಾರ್ಡಿನಲ್ಲಿ ತುರ್ತಿಗೆ ಒಳ್ಳೆಯದು. ಹಾಕಿದ ಕೂಡಲೇ ಭಾಷೆಗಳ ಪಟ್ಟಿ ತೆರೆದು ನಿಮ್ಮ ಸಾಧನದಲ್ಲಿ ಕನ್ನಡ ಸಿಗುತ್ತದೆಯೇ ನೋಡಿಕೊಳ್ಳಿ, ಆ ಪಟ್ಟಿ ಆವೃತ್ತಿಗೆ ತಕ್ಕಂತೆ ಬದಲಾಗುತ್ತಿರುತ್ತದೆ.

ಸಿಬೋರ್ಡ್. ಮುಕ್ತ ತಂತ್ರಾಂಶ, ಯುನಿಸೆಫ್‌ನ ಇನ್ನೊವೇಷನ್ ಫಂಡ್ ನೆರವು ಪಡೆದದ್ದು. ಆಂಡ್ರಾಯ್ಡ್ ಆಪ್ ಇದೆ, ಬ್ರೌಸರಿನಲ್ಲೂ ನಡೆಯುವುದರಿಂದ ಶಾಲೆಯ ಹಳೆ ಲ್ಯಾಪ್‌ಟಾಪಿನಲ್ಲೇ ಬೋರ್ಡ್ ಸಿದ್ಧಮಾಡಬಹುದು. ಪ್ರತಿ ಗುಂಡಿಗೂ ನಿಮ್ಮದೇ ಫೋಟೋ, ನಿಮ್ಮದೇ ಬರಹ, ನಿಮ್ಮದೇ ರೆಕಾರ್ಡಿಂಗ್ ಹಾಕಬಹುದು. ಕಾಣುವ ಬರಹ ಒಂದು, ಆಡುವ ಮಾತು ಇನ್ನೊಂದು ಆಗಿರಲೂ ಬಿಡುತ್ತದೆ. ಚಿತ್ರದ ಕೆಳಗೆ ‘ನೋವು’ ಎಂದಿರಲಿ, ಒತ್ತಿದಾಗ ‘ನಂಗೆ ನೋಯ್ತಿದೆ’ ಎನ್ನಲಿ. ಬೋರ್ಡನ್ನು ಪಿಡಿಎಫ್ ಮಾಡಿ ಮುದ್ರಿಸಬಹುದು. ಸಿದ್ಧ ಕನ್ನಡ ಶಬ್ದಕೋಶ ಸಿಗುತ್ತದೆಂದು ಕಾಯದೆ ಎಲ್ಲವನ್ನೂ ತಾವೇ ಕಟ್ಟಲು ಸಿದ್ಧರಿರುವ ವಿಶೇಷ ಶಿಕ್ಷಕರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ವಾರದಲ್ಲಿ ಎರಡು ಗಂಟೆ ಕೂರಲು ಯಾರೂ ಇಲ್ಲದ ಮನೆಗೆ ಹೇಳಬೇಡಿ. ಲೆಟ್‌ಮಿಟಾಕ್ ಕೂಡ ಇದೇ ಜಾತಿಯದು: ಉಚಿತ, ಇಂಟರ್ನೆಟ್ ಬೇಡ, ಸ್ಪೇನ್‌ನ ಅರಗಾನ್ ಸರ್ಕಾರದ ಅರಾಸಾಕ್ ಸಂಗ್ರಹದ 9000ಕ್ಕೂ ಹೆಚ್ಚು ಚಿತ್ರಗಳು ಅದರೊಳಗಿವೆ.

ಈ ಸಿದ್ಧ ಚಿತ್ರಗಳಲ್ಲಿ ಬ್ರೆಡ್ಡು, ಫೋರ್ಕು, ಹಿಮ ಧಾರಾಳ. ಮುದ್ದೆ, ರೊಟ್ಟಿ, ಚಿತ್ರಾನ್ನ, ಬಕೆಟ್ಟು ಚೊಂಬು ಇವನ್ನು ನಿಮ್ಮ ಮನೆಯದನ್ನೇ ಫೋಟೋ ತೆಗೆದು ಹಾಕಿ. ಹಿಂದೆ ಬಿಳಿ ಬಟ್ಟೆ ಇಡಿ, ವಸ್ತು ಒಂದೇ ಇರಲಿ. ತಟ್ಟೆಯ ಪಕ್ಕದಲ್ಲಿ ಮೊಬೈಲ್ ಕಂಡರೆ ಮಗುವಿಗೆ ಆ ಚಿತ್ರದ ಅರ್ಥ ಮೊಬೈಲ್. ಜನಕ್ಕೂ ವಸ್ತುವಿಗೂ ಫೋಟೋ ಸರಿ. ಬೇಕು, ಇನ್ನೂ, ನಿಲ್ಲಿಸು ಇವಕ್ಕೆ ಗೆರೆಚಿತ್ರವೇ ಮೇಲು.

ಪ್ರೊಲೊಕ್ವೊಟುಗೊ. ನೆದರ್ಲೆಂಡ್ಸ್‌ನ ಅಸಿಸ್ಟಿವ್‌ವೇರ್ 2009ರಲ್ಲಿ ತಂದದ್ದು, ಆಪಲ್ ಸಾಧನಗಳಿಗೆ ಮಾತ್ರ, ಅಮೆರಿಕದಲ್ಲಿ ಸುಮಾರು 250 ಡಾಲರ್. ಇಂಗ್ಲಿಷ್ ಶಬ್ದಕೋಶದ ಜೋಡಣೆ ಅಚ್ಚುಕಟ್ಟು, ಆದರೆ ಕನ್ನಡವಿಲ್ಲ. ಬೆಂಗಳೂರಿನಲ್ಲಿ ಮನೆಯಲ್ಲೂ ಇಂಗ್ಲಿಷ್ ಆಡುವ ಕುಟುಂಬ ಬಿಟ್ಟರೆ ಇಲ್ಲಿ ಇದನ್ನು ಕೊಳ್ಳಲು ಕಾರಣ ಕಾಣುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರ ಮಾತು ಬೇರೆ. ಅಲ್ಲಿ ಮಗುವಿನ ಐಇಪಿಯಲ್ಲಿ, ಅಂದರೆ ಶಾಲೆ ಆ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆಯಲ್ಲಿ, ಸೇರಿಸಿದರೆ ಅಂಗವಿಕಲ ಮಕ್ಕಳ ಶಿಕ್ಷಣದ ಐಡಿಇಎ ಕಾಯ್ದೆಯಂತೆ ಶಾಲೆಯೇ ಇಂಥ ಸಾಧನ ಒದಗಿಸಬೇಕು. ಸಾಮಾನ್ಯವಾಗಿ ಇದೋ, ಲ್ಯಾಂಪ್ ವರ್ಡ್ಸ್ ಫಾರ್ ಲೈಫ್ ಎಂಬುದೋ ಸಿಗುತ್ತದೆ. ಆಗ ಆಪ್ ಬದಲಿಸಲು ಹೋಗದೆ ಅದರಲ್ಲೇ ‘ಮನೆ’ ಎಂದು ಒಂದು ಪುಟ ತೆರೆದು ಅಜ್ಜಿಯ ದನಿಯಲ್ಲಿ ಇಪ್ಪತ್ತು ಕನ್ನಡ ಮಾತು ರೆಕಾರ್ಡ್ ಮಾಡಿ. ‘ಎರಡು ಭಾಷೆ ಗೊಂದಲ ಮಾಡುತ್ತದೆ, ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಲಹೆ ಈಗಲೂ ಕೇಳಿಬರುತ್ತದೆ, ಅದನ್ನು ಒಪ್ಪಬೇಕಾಗಿಲ್ಲ.

ಓದು ಬರಹ ಬಲ್ಲವರಿಗೆ ಇದು ಯಾವುದೂ ಬೇಡ. ಸೆರೆಬ್ರಲ್ ಪಾಲ್ಸಿ ಇರುವ ಹೈಸ್ಕೂಲ್ ವಿದ್ಯಾರ್ಥಿ ಅಕ್ಷರ ಬಲ್ಲನಾದರೆ ಕನ್ನಡ ಕೀಬೋರ್ಡ್ ಮತ್ತು ಬರೆದದ್ದನ್ನು ಓದಿ ಹೇಳುವ ಯಾವುದಾದರೂ ಉಚಿತ ಆಪ್ ಸಾಕು. ಐಪ್ಯಾಡಿನಲ್ಲಿ 2023ರ ಆವೃತ್ತಿಯಿಂದ ಲೈವ್ ಸ್ಪೀಚ್ ಎಂದು ಒಳಗೇ ಬಂದಿದೆ. ಅವನ ಮೇಲೆ ಬೊಂಬೆ ಚಿತ್ರ ಹೇರುವುದು ಅವಮಾನ.

ಬೆರಳು, ಕಣ್ಣು

ಒಂದು ಹಾಳೆಯಲ್ಲಿ 2 ಸೆಂ.ಮೀ., 3 ಸೆಂ.ಮೀ., 5 ಸೆಂ.ಮೀ. ಚೌಕಗಳನ್ನು ಬರೆದು ಮಗುವಿಗೆ ಮುಟ್ಟಲು ಹೇಳಿ. ಹತ್ತರಲ್ಲಿ ಎಂಟು ಸಲ ತಪ್ಪದೆ ಮುಟ್ಟುವ ಅತಿ ಚಿಕ್ಕ ಚೌಕವೇ ನಿಮ್ಮ ಗುಂಡಿಯ ಅಳತೆ. ಸರಿಯಾಗಿ ಮುಟ್ಟುವ ಮಗುವಿಗೆ ‘ಪಾಪ, ನಾಲ್ಕೇ ಸಾಕು’ ಎಂದು ನಾಲ್ಕು ಗುಂಡಿ ಕೊಡಬೇಡಿ. ನಾಲ್ಕು ಗುಂಡಿಯಲ್ಲಿ ನಾಲ್ಕೇ ಮಾತು ಕಲಿಯಲು ಸಾಧ್ಯ. ಇಪ್ಪತ್ತರಿಂದ ನಲವತ್ತು ಇರುವ ಪರದೆ ಇಟ್ಟು, ಮೊದಲಿಗೆ ಎಂಟು ಹತ್ತನ್ನು ಮಾತ್ರ ಕಾಣಿಸಿ ಉಳಿದವನ್ನು ಮರೆಮಾಡಿ. ಆಮೇಲೆ ಒಂದೊಂದಾಗಿ ತೆರೆದರೆ ಯಾವ ಗುಂಡಿಯೂ ಜಾಗ ಬಿಟ್ಟು ಕದಲುವುದಿಲ್ಲ.

ಬೆರಳು ಜಾರಿ ಪಕ್ಕದ್ದು ಒತ್ತಿಹೋಗುತ್ತಿದ್ದರೆ ಹೊಸ ಆಪ್ ಹುಡುಕುವ ಮೊದಲು ಸಾಧನದ ಸೆಟ್ಟಿಂಗ್ಸ್ ನೋಡಿ. ಐಪ್ಯಾಡಿನಲ್ಲಿ ಆಕ್ಸೆಸಿಬಿಲಿಟಿ, ಟಚ್, ಟಚ್ ಅಕಾಮಡೇಷನ್ಸ್ ಒಳಗೆ ಹೋಲ್ಡ್ ಡ್ಯುರೇಷನ್ ಇದೆ: ಬೆರಳು ಇಷ್ಟು ಹೊತ್ತು ನಿಂತರೆ ಮಾತ್ರ ಒತ್ತಿದ ಲೆಕ್ಕ. ಸ್ಯಾಮ್‌ಸಂಗ್‌ನಲ್ಲಿ ಟ್ಯಾಪ್ ಡ್ಯುರೇಷನ್, ಇಗ್ನೋರ್ ರಿಪೀಟೆಡ್ ಟಚಸ್ ಎಂದಿವೆ. ಕಾಲು ಸೆಕೆಂಡಿನಿಂದ ಶುರುಮಾಡಿ, ಒಂದು ಸೆಕೆಂಡ್ ದಾಟಿಸಿದರೆ ಮಗುವಿಗೆ ಬೇಸರ ಬರುತ್ತದೆ. ಅದೂ ಸಾಲದಿದ್ದರೆ ಗುಂಡಿಗೊಂದು ತೂತು ಕೊರೆದ 3 ಮಿ.ಮೀ. ಅಕ್ರಿಲಿಕ್ ಹಲಗೆಯನ್ನು ಪರದೆಯ ಮೇಲೆ ಕೂರಿಸಬಹುದು. ಇದನ್ನು ಕೀಗಾರ್ಡ್ ಎನ್ನುತ್ತಾರೆ, ಲೇಸರ್ ಕಟಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಪರದೆಯಲ್ಲಿ ಎಷ್ಟು ಸಾಲು, ಎಷ್ಟು ಕಂಬ ಎಂಬುದು ಖಚಿತವಾದ ಮೇಲೆಯೇ ಕೊರೆಸಿ. ಬೆರಳೇ ಆಗದವರಿಗೆ ತಲೆಯಿಂದಲೋ ಮೊಣಕೈಯಿಂದಲೋ ಒತ್ತುವ ಸ್ವಿಚ್ ಉಂಟು. ಅದಕ್ಕೆ ಕೂರುವ ಭಂಗಿ ಮೊದಲು ಸರಿಯಾಗಬೇಕು, ಫಿಸಿಯೋಥೆರಪಿಸ್ಟ್ ಇಲ್ಲದೆ ಕೈಹಾಕಬೇಡಿ.

ಐಪ್ಯಾಡೋ ಆಂಡ್ರಾಯ್ಡೋ

ಬೆಲೆಯಲ್ಲಿ ಆಂಡ್ರಾಯ್ಡ್ ಗೆಲ್ಲುತ್ತದೆ, ಮಗು ಆಪ್‌ನಿಂದ ಹೊರಹೋಗದಂತೆ ಬೀಗ ಹಾಕುವುದರಲ್ಲಿ ಐಪ್ಯಾಡ್ ಗೆಲ್ಲುತ್ತದೆ. ಅದರ ಗೈಡೆಡ್ ಆಕ್ಸೆಸ್ ಅನ್ನು ಹೋಮ್ ಗುಂಡಿ (ಅದಿಲ್ಲದ ಮಾದರಿಗಳಲ್ಲಿ ಮೇಲಂಚಿನ ಗುಂಡಿ) ಮೂರು ಸಲ ಒತ್ತಿ ಶುರುಮಾಡಬಹುದು, ಪರದೆಯ ಒಂದು ಮೂಲೆಯನ್ನು ಮಾತ್ರ ಕೆಲಸ ಮಾಡದಂತೆ ಮುಚ್ಚಲೂಬಹುದು. ಆಂಡ್ರಾಯ್ಡ್‌ನಲ್ಲಿ ಸೆಕ್ಯುರಿಟಿ ಒಳಗಿನ ಆಪ್ ಪಿನ್ನಿಂಗ್ ಇದೆ, ‘ಬಿಡಿಸಲು ಪಿನ್ ಕೇಳು’ ಎಂಬುದನ್ನು ಆನ್ ಮಾಡದಿದ್ದರೆ ಚುರುಕಾದ ಮಗು ಎರಡೇ ದಿನದಲ್ಲಿ ಬಿಡಿಸಿಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಕೊಳ್ಳುವವರು ಒಂದನ್ನು ಗಮನಿಸಿ. ಆಪಲ್‌ನ ಕನ್ನಡ ದನಿ, ಸೌಮ್ಯ ಎಂಬ ಹೆಸರಿನದು, ಬಂದದ್ದು ಐಪ್ಯಾಡ್ ಓಎಸ್ 16ರಲ್ಲಿ. 2017ರ ಐದನೇ ತಲೆಮಾರಿಗಿಂತ ಹಳೆಯ ಸಾಮಾನ್ಯ ಐಪ್ಯಾಡಿಗೆ ಆ ಆವೃತ್ತಿ ಸಿಗುವುದಿಲ್ಲ. ಆಗ ಉಳಿಯುವುದು ರೆಕಾರ್ಡಿಂಗ್ ಮಾತ್ರ.

ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ದನಿ ಬಳಸಿ. ಟೆಕ್ಸ್ಟ್ ಟು ಸ್ಪೀಚ್ ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಎಂಜಿನ್ ಗೂಗಲ್‌ನದೇ ಎಂದು ಖಾತ್ರಿ ಮಾಡಿಕೊಳ್ಳಿ (ಸ್ಯಾಮ್‌ಸಂಗ್‌ನಲ್ಲಿ ಅದರದೇ ಎಂಜಿನ್ ಇರುತ್ತದೆ, ಬದಲಿಸಬೇಕು), ವಾಯ್ಸ್ ಡೇಟಾದಲ್ಲಿ ಕನ್ನಡ ಇಳಿಸಿಕೊಳ್ಳಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಂದು ಗುಂಡಿ ಒತ್ತಿ. ದನಿ ಬಂದರೆ ಸರಿ. ಬರದಿದ್ದರೆ ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ಮಗು ಮೂಕವಾಗುತ್ತದೆ. ‘ಆಪ್ ಮಾತೇ ಆಡುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಎರಡೇ ಕಾರಣ: ಬರಹ ಕನ್ನಡ ಲಿಪಿಯಲ್ಲಿದ್ದು ದನಿ ಇಂಗ್ಲಿಷಿನದಾಗಿರುವುದು, ಇಲ್ಲವೇ ರಬ್ಬರ್ ಕವರ್ ಸ್ಪೀಕರನ್ನು ಮುಚ್ಚಿರುವುದು. ನೀರು ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರೆ ಉಚ್ಚಾರ ವಿಚಿತ್ರವಾಗುತ್ತದೆ, ಕನ್ನಡದಲ್ಲೇ ಬರೆಯಿರಿ, ಅದೂ ಮನೆಯಲ್ಲಿ ಆಡುವ ಹಾಗೆ.

ತುಳು, ಕೊಡವ, ಲಂಬಾಣಿ ಆಡುವ ಮನೆಗಳಲ್ಲಿ ಯಂತ್ರದ ದನಿಯನ್ನು ನೆಚ್ಚದೆ ರೆಕಾರ್ಡ್ ಮಾಡುವುದೇ ದಾರಿ. ಮಗುವಿನದೇ ವಯಸ್ಸಿನ, ಹುಡುಗಿಯಾದರೆ ಹುಡುಗಿಯ ದನಿಯಲ್ಲಿ ಮಾಡಿ. ಎಂಟು ವರ್ಷದ ಹುಡುಗಿ ಸೋದರಮಾವನ ಗಂಟಲಲ್ಲಿ ಮಾತಾಡುವುದು ಅವಳಿಗೂ ಕೇಳುವವರಿಗೂ ಮುಜುಗರ.

ಗಾತ್ರ 8ರಿಂದ 10 ಇಂಚು. ನಡೆದಾಡುವ ಮಗುವಿಗೆ 8 ಸಾಕು, ಹೆಗಲಿಗೆ ಹಾಕುವ ಪಟ್ಟಿ ಇರುವ ಕವರ್ ತನ್ನಿ. ಟ್ಯಾಬ್ಲೆಟ್ ಬೀರುವಿನಲ್ಲಿದ್ದರೆ ಮಾತೂ ಬೀರುವಿನಲ್ಲೇ ಇದ್ದಂತೆ. ಸಿನಿಮಾ, ಆಟಗಳಿಗೆ ಬೇರೆ ಸಾಧನ ಇರಲಿ. ಎರಡು ಕೊಳ್ಳಲು ಆಗದಿದ್ದರೆ ಆಟವನ್ನು ಅಪ್ಪನ ಫೋನಿಗೆ ಹಾಕಿ, ಮಾತನ್ನಲ್ಲ.

ಬಿಸಿಯೂಟದ ಹೊತ್ತಿನಲ್ಲಿ

ಕಲಿಕೆಗೆ ಶಾಲೆಯಲ್ಲಿ ಬಿಸಿಯೂಟದ ಸಾಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆ ಪುಟದಲ್ಲಿ ಹೆಸರುಗಳು ಕೆಲವೇ ಇರಲಿ: ಅನ್ನ, ಸಾಂಬಾರ್, ಮೊಟ್ಟೆ, ಬಾಳೆಹಣ್ಣು, ಚಿಕ್ಕಿ, ನೀರು. ಉಳಿದ ಜಾಗ ಇವಕ್ಕೆ: ಬೇಕು, ಬೇಡ, ಇನ್ನೂ, ಸಾಕು, ಸ್ವಲ್ಪ, ಹಾಕಿ, ಬಿಸಿ, ಖಾರ, ಚೆನ್ನಾಗಿದೆ, ಆಯ್ತು, ಸಹಾಯ ಮಾಡಿ. ಹಣ್ಣು, ಪ್ರಾಣಿ, ಬಣ್ಣಗಳ ಹೆಸರುಗಳೇ ಇನ್ನೂರು ತುಂಬಿಸಿ ಕ್ರಿಯಾಪದ ಹಾಕದೆ ಬಿಟ್ಟ ಆಪ್‌ಗಳು ಶಾಲೆಗಳಲ್ಲಿ ಬೇಕಾದಷ್ಟು ಕಾಣಸಿಗುತ್ತವೆ. ಅಂಥ ಮಗು ಜಿರಾಫೆ ಎನ್ನಬಲ್ಲದು, ಸಾಕು ಎನ್ನಲಾರದು.

ಬಡಿಸುವವರು ಸೌಟು ಎತ್ತಿದಾಗ ಪಕ್ಕದಲ್ಲಿರುವ ಟೀಚರು ತಾವೇ ‘ಇನ್ನೂ’, ‘ಹಾಕಿ’ ಒತ್ತಿ ಬಾಯಲ್ಲೂ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಹತ್ತು ಸೆಕೆಂಡ್. ಇದು ಕೇಳಲು ಸುಲಭ, ಮಾಡಲು ಕಷ್ಟ. ಮೂರನೇ ಸೆಕೆಂಡಿಗೇ ನಮ್ಮ ಕೈ ಮಗುವಿನ ಕೈಯನ್ನು ಹಿಡಿದು ಒತ್ತಿಸಲು ಹೋಗುತ್ತದೆ. ಹಿಡಿಯಬೇಡಿ. ‘ಅನ್ನ ಎಲ್ಲಿದೆ ತೋರಿಸು’ ಎಂದು ಪರೀಕ್ಷೆಯನ್ನೂ ಮಾಡಬೇಡಿ. ಮಗು ‘ಬೇಡ’ ಒತ್ತಿದರೆ ಬಡಿಸಬೇಡಿ, ತಪ್ಪಿ ಒತ್ತಿದ್ದರೂ ಸರಿ. ಆ ಗುಂಡಿಗೆ ಬೆಲೆ ಇದೆ ಎಂದು ಗೊತ್ತಾಗುವುದೇ ಹಾಗೆ.

ಸುಮ್ಮನೆ ಒಂದೇ ಗುಂಡಿಯನ್ನು ಇಪ್ಪತ್ತು ಸಲ ಒತ್ತುವುದು ತಪ್ಪಲ್ಲ, ತೊದಲುವ ಕೂಸು ‘ಬಬಬ’ ಎನ್ನುವುದೂ ಅದೇ. ಕಿತ್ತುಕೊಂಡು ವಾಲ್ಯೂಮ್ ಇಳಿಸಬೇಡಿ, ಆ ಮಾತಿಗೆ ಉತ್ತರ ಕೊಡಿ. ಆರು ವಾರವಾದರೂ ಒಂದೇ ಆಪ್, ಒಂದೇ ಜೋಡಣೆ ಇಟ್ಟು ನೋಡಿ. ವಾರಕ್ಕೊಮ್ಮೆ ಎರಡೇ ವಿಷಯ ಬರೆದಿಡಿ: ಯಾರೂ ಕೇಳದೆ ತಾನಾಗಿ ಎಷ್ಟು ಸಲ ಮಾತಾಡಿತು, ಯಾರ ಜೊತೆ.

ಟ್ಯಾಬ್ಲೆಟ್ ಕೊಟ್ಟರೆ ಬಾಯಿಮಾತು ನಿಂತುಹೋಗುತ್ತದೆ ಎಂಬ ಹೆದರಿಕೆ ಎಲ್ಲ ಮನೆಗಳಲ್ಲೂ ಇದೆ. ಮಿಲರ್, ಲೈಟ್ ಮತ್ತು ಷ್ಲಾಸರ್ 2006ರಲ್ಲಿ ಹಿಂದಿನ ಅಧ್ಯಯನಗಳನ್ನು ಜಾಲಾಡಿ, ನಂಬಬಹುದಾದ 27 ಜನರ ವಿವರ ತೂಗಿ ನೋಡಿದಾಗ ಮಾತು ಕಡಿಮೆಯಾದದ್ದು ಒಬ್ಬರಿಗೂ ಕಾಣಲಿಲ್ಲ, ಶೇ. 89ರಷ್ಟು ಜನರಿಗೆ ಹೆಚ್ಚಿತ್ತು, ಹೆಚ್ಚಳ ಸಣ್ಣದಾದರೂ. ಎಚ್ಚರಿಕೆ ಬೇಕಾದ್ದು ಬೇರೆ ಕಡೆ. ದೊಡ್ಡವರು ಮಗುವಿನ ಕೈ ಅಥವಾ ಮಣಿಕಟ್ಟು ಹಿಡಿದು ಟೈಪ್ ಮಾಡಿಸುವ ಪದ್ಧತಿಯನ್ನು ಹೊಸ ಚಿಕಿತ್ಸೆ ಎಂದು ಮಾರುವವರಿದ್ದಾರೆ. ಅಲ್ಲಿ ಮಾತಾಡುವುದು ಮಗುವಲ್ಲ, ಹಿಡಿದವರು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಆಷಾ 2018ರಲ್ಲೇ ಇದನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ.

ಯಾವ ಆಪ್ ಎಂದು ತೀರ್ಮಾನವಾಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವನ್ನು ತೋರಿಸಿ. ಸರ್ಕಾರಿ ಶಾಲೆಯಾದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ತರಗತಿಗೆ ಟ್ಯಾಬ್ಲೆಟ್ ತರಬೇಡಿ ಎಂದು ಶಾಲೆ ತಕರಾರು ತೆಗೆದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಂವಹನ ಎಂಬುದರ ವ್ಯಾಖ್ಯೆಯೊಳಗೇ ಇಂಥ ಪರ್ಯಾಯ ವಿಧಾನಗಳನ್ನು ಸೇರಿಸಿದೆ ಎಂದು ಬರೆದ ಅರ್ಜಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮುಖ್ಯ ಪುಟವನ್ನು ಎ4 ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿ ಮೂರು ಪ್ರತಿ ಇಟ್ಟುಕೊಳ್ಳಿ: ಬ್ಯಾಗಿಗೊಂದು, ಬಚ್ಚಲಿಗೊಂದು, ತರಗತಿಯ ಗೋಡೆಗೊಂದು. ಗುಂಡಿಗಳ ಜಾಗ ಟ್ಯಾಬ್ಲೆಟ್‌ನಲ್ಲಿ ಇದ್ದಂತೆಯೇ ಇರಬೇಕು. ಬಿಸಿಲಿನಲ್ಲಿ ಪರದೆ ಕಾಣದಿದ್ದಾಗ, ಚಾರ್ಜ್ ಮುಗಿದಾಗ, ಈಜುವಾಗ ಅದೇ ಆಸರೆ. ಹೊಸ ಗುಂಡಿ ಸೇರಿಸಿದಾಗಲೆಲ್ಲ ಬ್ಯಾಕಪ್ ಕಡತವನ್ನು ಟ್ಯಾಬ್ಲೆಟ್‌ನಲ್ಲೇ ಬಿಡದೆ ಡ್ರೈವ್‌ಗೂ ಅಮ್ಮನ ಇಮೇಲ್‌ಗೂ ಕಳಿಸಿ, ಪಾಸ್‌ವರ್ಡ್ ಥೆರಪಿಸ್ಟ್ ಒಬ್ಬರ ಬಳಿಯೇ ಇರದಂತೆ ನೋಡಿಕೊಳ್ಳಿ. ಥೆರಪಿ ಕೇಂದ್ರ ಬದಲಿಸಿದಾಗ ಎರಡು ವರ್ಷ ಕಟ್ಟಿದ ಶಬ್ದಕೋಶ ಹಳೆಯ ಕೇಂದ್ರದ ಖಾತೆಯಲ್ಲೇ ಉಳಿದುಹೋಗುವುದು ಹೀಗೆಯೇ.